ಕತ್ತಿ ಸಿಕ್ಕರೆ ಗಂಡಸು, ಬಳೆ ಸಿಕ್ಕರೆ ಹೆಂಗಸು

ಹೋದ ವರ್ಷ ಒಂದು ಲಾಂಗ್ ವೀಕೆಂಡಿಗೆ ನಾವು ನಾಲ್ಕು ಜನ ಗೆಳತಿಯರು ಹಂಪಿಗೆ ಹೋಗಿದ್ದೆವು. ರಾತ್ರಿ ಬಸ್ಸು, ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು ಇಡ್ಲಿ-ವಡೆ, ಅಲ್ಲಿಂದ ಆಟೋ. ಎಲ್ಲರೂ ಮಾಡುವ ಹಂಪಿ ಟ್ರಿಪ್ಪೇ. ಗೈಡ್ ಒಬ್ಬರು ಸಿಕ್ಕಿದರು, ಒಳ್ಳೆ ಮಾತುಗಾರ. ಮಧ್ಯಾಹ್ನದ ಬಿಸಿಲಲ್ಲಿ ನಮ್ಮನ್ನು ಒಂದು ಚೌಕಾಕಾರದ ಕಟ್ಟಡದ ಒಳಗೆ ಕರೆದುಕೊಂಡು ಹೋದರು. ನಡುವೆ ಒಂದು ಕೊಳ, ಸುತ್ತ ಕಮಾನುಗಳು, ನೀರಿನ ಕಡೆಗೆ ಚಾಚಿದ ಬಾಲ್ಕನಿಗಳು. ನೆರಳಿಗೆ ಜೀವ ಬಂದ ಹಾಗಾಯ್ತು.

"ಇದು ರಾಣಿ ಸ್ನಾನಗೃಹ ನೋಡ್ರಿ. ರಾಣಿಯರು ಇಲ್ಲೇ ಜಳಕ ಮಾಡ್ತಿದ್ರು" ಅಂದರು.

ನನ್ನದೊಂದು ಕೆಟ್ಟ ಚಾಳಿ, ಸುಮ್ಮನೆ ಕೇಳಿಸಿಕೊಳ್ಳೋಕೆ ಬರಲ್ಲ. "ರಾಣಿಯರೇ ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿದೆ.

ಅವರು ನಕ್ಕುಬಿಟ್ಟರು. "ಬೋರ್ಡಿನ್ಯಾಗ ಬರದೈತಲ್ರಿ ಮೇಡಂ."

ನಾವೂ ನಕ್ಕೆವು. ಆದರೆ ವಾಪಸ್ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಗೈಡ್ ಹೇಳಿದ್ದು ಅಪ್ಪಟ ಸತ್ಯ. ಅಲ್ಲಿ ರಾಣಿಯರು ಸ್ನಾನ ಮಾಡುತ್ತಿದ್ದರು ಅನ್ನೋದಕ್ಕೆ ಇರುವ ಮುಖ್ಯ ಆಧಾರ ಬೋರ್ಡೇ. 'ರಾಣಿ ಸ್ನಾನಗೃಹ', 'ಜನಾನಾ ಆವರಣ' ಇಂಥ ಹೆಸರುಗಳು ವಿಜಯನಗರದ ಕಾಲದವಲ್ಲ. ಪಟ್ಟಣ ಪಾಳುಬಿದ್ದು ಎಷ್ಟೋ ಕಾಲವಾದ ಮೇಲೆ ಅಂಟಿಕೊಂಡವು. 1980ರ ದಶಕದಿಂದ ಹಂಪಿಯನ್ನು ಅಳೆದು ನಕ್ಷೆ ಮಾಡಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಥರದ ವಿದ್ವಾಂಸರು ಈ ಹೆಸರುಗಳನ್ನು ನಂಬಿಕೊಂಡು ಕೂರಬೇಡಿ ಎಂದೇ ಬರೆದಿದ್ದಾರೆ. ಆ ಕೊಳ ಅರಸನ ಮತ್ತು ಆಸ್ಥಾನದವರ ವಿಹಾರಕ್ಕೆ ಕಟ್ಟಿದ್ದಿರಬಹುದು ಅನ್ನುವ ಅಭಿಪ್ರಾಯವೂ ಇದೆ. ಜನಾನಾ ಅನ್ನುವ ಆವರಣಕ್ಕೆ ತಾಗಿಕೊಂಡೇ ಆನೆ ಲಾಯ ಇದೆ. ಅಂತಃಪುರದ ಪಕ್ಕದಲ್ಲಿ ಪಟ್ಟದ ಆನೆಗಳನ್ನೂ ಮಾವುತರನ್ನೂ ಯಾರಾದರೂ ಇಡುತ್ತಾರಾ? ಈ ಪ್ರಶ್ನೆ ಹುಟ್ಟಬೇಕಿತ್ತು. ಬಹಳ ಕಾಲ ಹುಟ್ಟಲಿಲ್ಲ. ಯಾಕಂದರೆ ಕಟ್ಟಡ ಚೆಂದ, ನಾಜೂಕು, ನೀರಿದೆ, ಬಾಲ್ಕನಿ ಇದೆ. ಅಂದಮೇಲೆ ಹೆಂಗಸರದ್ದೇ ಇರಬೇಕು.

ತಮಾಷೆ ಏನು ಗೊತ್ತಾ? ವಿಜಯನಗರದ ಅರಮನೆಯ ಹೆಂಗಸರು ಏನು ಮಾಡುತ್ತಿದ್ದರು ಅಂತ ಬರೆದಿಟ್ಟವರೊಬ್ಬರು ಇದ್ದಾರೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೋ ನೂನಿಜ್. 1535ರ ಆಸುಪಾಸಿನಲ್ಲಿ, ಅಚ್ಯುತರಾಯನ ಕಾಲದಲ್ಲಿ ಇಲ್ಲಿದ್ದವನು. ಅರಮನೆಯ ಒಳಗೆ ಕುಸ್ತಿ ಮಾಡುವ ಹೆಂಗಸರಿದ್ದರು, ಕತ್ತಿ-ಗುರಾಣಿ ಹಿಡಿಯುವವರಿದ್ದರು, ಜ್ಯೋತಿಷ್ಯ ಹೇಳುವವರಿದ್ದರು ಅನ್ನುತ್ತಾನೆ. ಅದಕ್ಕಿಂತ ಮುಖ್ಯ, ಒಳಗಿನ ಖರ್ಚು-ವೆಚ್ಚದ ಲೆಕ್ಕ ಬರೆಯುವ ಹೆಂಗಸರು, ರಾಜ್ಯದ ವಿದ್ಯಮಾನಗಳನ್ನು ದಾಖಲಿಸಿ ಹೊರಗಿನ ಬರಹಗಾರರ ಪುಸ್ತಕದ ಜೊತೆ ತಾಳೆ ನೋಡುವ ಹೆಂಗಸರು ಇದ್ದರಂತೆ. ಅಂದರೆ ಆಡಿಟ್! ಪರದೇಶಿ, ಉತ್ಪ್ರೇಕ್ಷೆ ಮಾಡಿರಬಹುದು, ಒಪ್ಪೋಣ. ಆದರೆ ರಾಬರ್ಟ್ ಸೀವೆಲ್ 1900ರಲ್ಲೇ ಇದನ್ನು ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದ. ನೂರಿಪ್ಪತ್ತು ವರ್ಷಕ್ಕೂ ಮೇಲಾಯ್ತು. ಹಂಪಿಯಲ್ಲಿ ರಾಣಿಗೆ ಸ್ನಾನಗೃಹ ಇದೆ. ಲೆಕ್ಕ ಬರೆಯುತ್ತಿದ್ದವಳಿಗೆ ಒಂದು ಬೋರ್ಡೂ ಇಲ್ಲ.

ನಾನು ಡೇಟಾ ಕೆಲಸ ಮಾಡುವವಳು. ದಿನಾ ನೋಡುವ ಒಂದು ಸಂಗತಿ ಹೇಳ್ತೀನಿ. ಒಂದು ದೊಡ್ಡ ಟೇಬಲ್ ಬರುತ್ತೆ, ಅದರಲ್ಲಿ ಅಲ್ಲಲ್ಲಿ ಖಾಲಿ ಜಾಗ ಇರುತ್ತೆ. ಡೆಡ್‌ಲೈನ್ ಹತ್ತಿರ ಇದ್ದರೆ ಖಾಲಿ ಜಾಗಕ್ಕೆ ಒಂದು ಡೀಫಾಲ್ಟ್ ವ್ಯಾಲ್ಯೂ ತುಂಬಿಬಿಡುತ್ತೇವೆ. ತಪ್ಪೇನಿಲ್ಲ, ಎಲ್ಲರೂ ಮಾಡೋದೇ. ಅಪಾಯ ಇರೋದು ಎರಡು ವರ್ಷ ಬಿಟ್ಟು. ಇನ್ನೊಬ್ಬರು ಅದೇ ಟೇಬಲ್ ತೆಗೆದುಕೊಂಡು, ನಾವು ತುಂಬಿದ್ದನ್ನೂ ಅಳೆದು ಬರೆದದ್ದು ಅಂದುಕೊಂಡು, ಅದರ ಮೇಲೆ ರಿಪೋರ್ಟ್ ಮಾಡುತ್ತಾರೆ. ಊಹೆ ಸಾಕ್ಷಿ ಆಗಿಬಿಡುತ್ತೆ. ಪುರಾತತ್ವದಲ್ಲಿ ಆಗಿರುವುದೂ ಇದೇ ಅಂತ ಓದುತ್ತಾ ಹೋದಂತೆ ನನಗೆ ಅನ್ನಿಸಿತು.

ಸ್ವೀಡನ್ನಿನ ಬಿರ್ಕಾ ಇದಕ್ಕೆ ಅತಿ ಪ್ರಸಿದ್ಧ ಉದಾಹರಣೆ. ವೈಕಿಂಗರ ಕಾಲದ ವ್ಯಾಪಾರಿ ಪಟ್ಟಣ ಅದು. 1878ರಲ್ಲಿ ಯಾಲ್ಮಾರ್ ಸ್ಟೋಲ್ಪೆ ಅಲ್ಲಿ ಒಂದು ಸಮಾಧಿ ಅಗೆದರು. ಸಂಖ್ಯೆ 581. ಹತ್ತನೇ ಶತಮಾನದ್ದು. ಒಳಗೆ ಕತ್ತಿ, ಕೊಡಲಿ, ಈಟಿ, ಕವಚ ಭೇದಿಸುವ ಬಾಣಗಳು, ಎರಡು ಗುರಾಣಿ, ಎರಡು ಕುದುರೆ. ಜೊತೆಗೆ ನಮ್ಮ ಚೌಕಾಬಾರ, ಪಗಡೆಯ ಥರದ ಆಟವೊಂದರ ಪೂರ್ತಿ ಕಾಯಿಗಳ ಸೆಟ್ಟು. ಕಾಯಿ ನಡೆಸುವವನು ಸೈನ್ಯವನ್ನೂ ನಡೆಸುತ್ತಿದ್ದ, ಹಾಗಾಗಿ ಇವನು ದೊಡ್ಡ ದಳಪತಿ ಅಂತ ವ್ಯಾಖ್ಯಾನ ಬಂತು. ವೈಕಿಂಗ್ ಯೋಧನ ಮಾದರಿ ಸಮಾಧಿ ಅಂತ ಪುಸ್ತಕಗಳಲ್ಲಿ ಚಿತ್ರ ಹಾಕಿದರು. ಅದು ಗಂಡಸಿನದು ಅಂತ ಯಾರೂ ಸಾಧಿಸಿ ತೋರಿಸಿರಲಿಲ್ಲ. ಕತ್ತಿ ಇತ್ತಲ್ಲ, ಇನ್ನೇನು ಬೇಕು?

1970ರ ದಶಕದಲ್ಲಿ ಮೂಳೆ ನೋಡಿದ ತಜ್ಞೆಯೊಬ್ಬರು ಇದು ಹೆಂಗಸಿನ ಮೂಳೆ ಇದ್ದಹಾಗಿದೆ ಅಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂಳೆಗೂ ಕತ್ತಿಗೂ ಹೊಂದಿಕೆಯಾಗದಿದ್ದಾಗ ಮೂಳೆಯನ್ನೇ ಅನುಮಾನಿಸಿದರು. ಕೊನೆಗೆ 2017ರಲ್ಲಿ ಶಾರ್ಲೊಟ್ಟೆ ಹೆಡೆನ್‌ಸ್ಟಿಯೆರ್ನಾ-ಯಾನ್ಸನ್ ಮತ್ತವರ ತಂಡ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ವೈ ಕ್ರೋಮೋಸೋಮ್ ಇಲ್ಲ. ಕನಿಷ್ಠ ಮೂವತ್ತು ವರ್ಷದ ಹೆಂಗಸು. 139 ವರ್ಷ ಒಬ್ಬ ಹೆಂಗಸನ್ನು 'ಅವನು' ಅಂತ ಕರೆದದ್ದಾಯ್ತು.

ಮುಂದೆ ಆದದ್ದು ಇನ್ನೂ ಸ್ವಾರಸ್ಯ. ಪ್ರಶ್ನೆಗಳ ಮಳೆ ಶುರುವಾಯ್ತು. ಪೆಟ್ಟಿಗೆಯಲ್ಲಿ ಮೂಳೆಗಳು ಅದಲು ಬದಲಾಗಿರಬಹುದಾ? ಒಳಗೆ ಇನ್ನೊಬ್ಬ ಗಂಡಸೂ ಇದ್ದನಾ? ಆಯುಧಗಳು ಅವಳವೇ ಅಂತ ಏನು ಗ್ಯಾರಂಟಿ, ಗಂಡನದೋ ಅಪ್ಪನದೋ ಇರಬಾರದಾ? ಆಯುಧ ಜೊತೆಗಿಟ್ಟು ಹೂತ ಮಾತ್ರಕ್ಕೆ ಯುದ್ಧ ಮಾಡಿದ್ದಳು ಅನ್ನಬಹುದಾ? ತಂಡ 2019ರಲ್ಲಿ ಇನ್ನೊಂದು ಉದ್ದನೆಯ ಲೇಖನ ಬರೆದು ಒಂದೊಂದಕ್ಕೂ ಉತ್ತರ ಕೊಡಬೇಕಾಯ್ತು.

ನಿಜ ಹೇಳಬೇಕೆಂದರೆ ಇವೆಲ್ಲ ಒಳ್ಳೆ ಪ್ರಶ್ನೆಗಳು, ಕೇಳಲೇಬೇಕಾದವು. ನನ್ನ ತಕರಾರು ಅವುಗಳ ಟೈಮಿಂಗ್ ಬಗ್ಗೆ. ಅದೇ ಸಮಾಧಿ, ಅದೇ ಕತ್ತಿ. ಗಂಡಸು ಅಂದುಕೊಂಡಿದ್ದಾಗ ಈ ಕತ್ತಿ ಇವನದ್ದೇ ಅಂತ ಏನು ಗ್ಯಾರಂಟಿ ಅಂತ ಯಾರೂ ಕೇಳಲಿಲ್ಲ. ಹೆಂಗಸು ಅಂತ ಗೊತ್ತಾದ ದಿನ ಕತ್ತಿಗೆ ದಾಖಲೆ ಕೇಳೋಕೆ ಶುರು ಮಾಡಿದರು. ಆಫೀಸಿನಲ್ಲಿ ಪ್ರಮೋಷನ್ ಸಿಕ್ಕ ಎಷ್ಟೋ ಹೆಣ್ಣುಮಕ್ಕಳಿಗೆ ಈ ಅನುಭವ ಹೊಸದಲ್ಲ ಬಿಡಿ.

ಈ ರೋಗ ಒಂದೇ ದಿಕ್ಕಿನದ್ದಲ್ಲ, ಗಂಡಸರಿಗೂ ತಟ್ಟಿದೆ. 1823ರಲ್ಲಿ ವಿಲಿಯಂ ಬಕ್‌ಲ್ಯಾಂಡ್ ಅನ್ನುವ ಆಕ್ಸ್‌ಫರ್ಡ್ ಪ್ರಾಧ್ಯಾಪಕರು ವೇಲ್ಸಿನ ಒಂದು ಗುಹೆಯಲ್ಲಿ ಅಸ್ಥಿಪಂಜರ ಕಂಡರು. ಮೂಳೆಗೆಲ್ಲ ಕೆಮ್ಮಣ್ಣು ಮೆತ್ತಿತ್ತು, ಜೊತೆಗೆ ದಂತದ ಆಭರಣ. ಬಣ್ಣ ಇದೆ, ಒಡವೆ ಇದೆ, ಆದ್ದರಿಂದ ಹೆಂಗಸು. ಹತ್ತಿರದಲ್ಲೊಂದು ಹಳೆಯ ಶಿಬಿರ ಇತ್ತು, ಆದ್ದರಿಂದ ರೋಮನ್ನರ ಕಾಲದವಳು, ಆ ಶಿಬಿರದ ನೆರಳಲ್ಲೇ ಬದುಕಿದವಳು. ಹೀಗೆ ಒಂದು ಊಹೆ ಇನ್ನೊಂದನ್ನು ಎಳೆದುಕೊಂಡು ಬಂತು. 'ಪ್ಯಾವಿಲ್ಯಾಂಡಿನ ಕೆಂಪು ಮಹಿಳೆ' ಅಂತ ಹೆಸರಾಯ್ತು. ಈಗ ಗೊತ್ತಿರುವ ಪ್ರಕಾರ ಅದು ಸುಮಾರು 33,000 ವರ್ಷ ಹಿಂದಿನ ಒಬ್ಬ ಯುವಕನದು. ಹೆಸರು ಮಾತ್ರ ಇವತ್ತಿಗೂ ಕೆಂಪು ಮಹಿಳೆಯೇ.

ಸ್ಪೇನಿನ ಸೆವಿಲ್ ಹತ್ತಿರದ ವ್ಯಾಲೆನ್ಸಿನಾದಲ್ಲಿ ಆದದ್ದು ಇದರ ಉಲ್ಟಾ. 2008ರಲ್ಲಿ ಸಿಕ್ಕಿದ ಸುಮಾರು 5,000 ವರ್ಷ ಹಳೆಯ ಸಮಾಧಿಯಲ್ಲಿ ಆನೆದಂತ, ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪು, ಸ್ಫಟಿಕ ಶಿಲೆಯ ಕಠಾರಿ ಇದ್ದವು. ಅಂಥ ವೈಭವ ಆ ಸೀಮೆಯಲ್ಲಿ ಆ ಕಾಲದ ಇನ್ನೊಂದು ಸಮಾಧಿಯಲ್ಲಿ ಕಂಡಿರಲಿಲ್ಲ. 'ದಂತದ ಮನುಷ್ಯ' ಅಂತ ಹೆಸರಿಟ್ಟರು, ಎಳೆ ವಯಸ್ಸಿನ ನಾಯಕ ಅಂದರು. ಹಲ್ಲಿನ ಎನಾಮೆಲ್ಲಿನಲ್ಲಿ ಉಳಿದಿರುವ ಪ್ರೋಟೀನಿನಿಂದ ಹೆಣ್ಣೋ ಗಂಡೋ ಹೇಳುವ ವಿಧಾನ ಈಗ ಇದೆ. 2023ರಲ್ಲಿ ಪ್ರಕಟವಾದ ಅಧ್ಯಯನ ಆ ನಾಯಕ ನಾಯಕಿ ಅಂತ ಹೇಳಿತು. ಈ ಸಲ ಹೆಸರನ್ನಾದರೂ ಬದಲಾಯಿಸಿದರು.

ನಮ್ಮ ಕಡೆಗೆ ಬರೋಣ. ಸ್ಕೂಲ್ ಪುಸ್ತಕದಲ್ಲಿ ಎಲ್ಲರೂ ನೋಡಿರುವ ಎರಡು ಚಿತ್ರ ನೆನಪು ಮಾಡಿಕೊಳ್ಳಿ. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕಿದ ಕಂಚಿನ ಹುಡುಗಿ, ಎತ್ತರ ಬರೀ 10.5 ಸೆಂಟಿಮೀಟರ್, ಈಗ ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿದ್ದಾಳೆ. ಇನ್ನೊಂದು, ಅಲ್ಲೇ ಸಿಕ್ಕಿದ ಗಡ್ಡದ ಗಂಡಸಿನ ಕಲ್ಲಿನ ಶಿಲ್ಪ, 17.5 ಸೆಂಟಿಮೀಟರ್, ಕರಾಚಿಯಲ್ಲಿದೆ. ಹುಡುಗಿ ಸೊಂಟದ ಮೇಲೆ ಕೈಯಿಟ್ಟು, ಗದ್ದ ಎತ್ತಿ ನಿಂತಿದ್ದಾಳೆ. ಒಂದು ತೋಳಿನ ತುಂಬ ಬಳೆ. ಗಂಡಸು ಹೂವಿನಂಥ ವಿನ್ಯಾಸದ ಶಾಲು ಹೊದ್ದು ಕಣ್ಣು ಅರೆ ಮುಚ್ಚಿದ್ದಾನೆ. ಸಿಂಧೂ ಲಿಪಿಯನ್ನು ಇವತ್ತಿಗೂ ಯಾರೂ ಓದಿಲ್ಲ. ಅಲ್ಲಿ ರಾಜರಿದ್ದರೋ, ಪುರೋಹಿತರಿದ್ದರೋ ಅನ್ನೋದೇ ಚರ್ಚೆಯ ವಿಷಯ. ಆದರೂ ಅವನು 'ಪುರೋಹಿತ ರಾಜ', ಅವಳು 'ನರ್ತಕಿ'. ಅವನಿಗೆ ಎರಡೆರಡು ಹುದ್ದೆ, ಒಂದಕ್ಕೂ ಅಪಾಯಿಂಟ್‌ಮೆಂಟ್ ಆರ್ಡರ್ ಇಲ್ಲ. ಅವಳು ಕುಣಿಯುತ್ತಲೂ ಇಲ್ಲ, ಸುಮ್ಮನೆ ನಿಂತಿದ್ದಾಳೆ.

ನರ್ತಕಿ ಆಗಿದ್ದರೆ ಕೀಳು ಅಂತ ನಾನು ಹೇಳುತ್ತಿಲ್ಲ. ಕುಣಿಯುವುದೂ ಕಸುಬೇ, ಕಲೆಯೇ. ಆದರೆ ಹೆಸರಿಡುವವರ ಕೈಯಲ್ಲಿ ಹೆಂಗಸರಿಗೆ ಇದ್ದ ಆಯ್ಕೆಗಳನ್ನು ನೋಡಿ. ಮಣ್ಣಿನ ಹೆಣ್ಣು ಗೊಂಬೆ ಸಿಕ್ಕರೆ 'ಮಾತೃದೇವತೆ'. ಕಂಚಿನ ಹುಡುಗಿ ಸಿಕ್ಕರೆ 'ನರ್ತಕಿ'. ದೇವಿಗೂ ನರ್ತಕಿಗೂ ನಡುವೆ ಒಂದಿಡೀ ನಗರ ಇತ್ತಲ್ಲ? ಮಣಿ ಕೊರೆಯುವವರು, ಇಟ್ಟಿಗೆ ಹೊರುವವರು, ಮುದ್ರೆ ಕೆತ್ತುವವರು, ತೂಕ ಹಾಕುವವರು. ಅವರೆಲ್ಲ ಗಂಡಸರೇ ಅಂತ ಯಾರು ಹೇಳಿದ್ದು?

ಯಾರು ಹೇಳಿದ್ದು ಅಂತ ಹುಡುಕಿದರೆ ಉತ್ತರ ಸಿಗುತ್ತೆ. 1966ರಲ್ಲಿ ಶಿಕಾಗೋದಲ್ಲಿ ಮಾನವಶಾಸ್ತ್ರಜ್ಞರ ಒಂದು ದೊಡ್ಡ ಸಮ್ಮೇಳನ ನಡೆಯಿತು, ಹೆಸರೇ 'ಮ್ಯಾನ್ ದ ಹಂಟರ್'. ಬೇಟೆಯೇ ಮನುಷ್ಯನನ್ನು ಮನುಷ್ಯನಾಗಿ ಮಾಡಿತು ಅನ್ನುವ ವಾದಕ್ಕೆ ಆ ಹೆಸರು ಗುರುತಾಗಿ ನಿಂತಿತು. ಬೇಟೆ ಅಂದರೆ ಗಂಡಸು ಅಂತ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಸ್ಯಾಲಿ ಸ್ಲೋಕಮ್ 1970ರ ದಶಕದಲ್ಲೇ ಇದನ್ನು ಪ್ರಶ್ನಿಸಿದರು. 1984ರಲ್ಲಿ ಮಾರ್ಗರೆಟ್ ಕಾಂಕಿ ಮತ್ತು ಜ್ಯಾನೆಟ್ ಸ್ಪೆಕ್ಟರ್ ಪುರಾತತ್ವದ ಬಗ್ಗೆಯೇ ಒಂದು ಲೇಖನ ಬರೆದರು. ಅವರ ವಾದ ಸರಳ: ಇವತ್ತಿನ ಮನೆಯ ಕೆಲಸ ಹಂಚಿಕೆಯನ್ನು ಹತ್ತು ಸಾವಿರ ವರ್ಷ ಹಿಂದಕ್ಕೆ ಹಾಕುತ್ತೀರಿ, ಆಮೇಲೆ ನೋಡಿ, ಆಗಲೂ ಹೀಗೇ ಇತ್ತು, ಆದ್ದರಿಂದ ಇದು ಸಹಜ ಅನ್ನುತ್ತೀರಿ.

ಆ ಸುತ್ತು ಇದೆಯಲ್ಲ, ಅದೇ ನನಗೆ ಸಿಟ್ಟು ಬರಿಸುವುದು. ಹಳೆಯ ಮೂಳೆಗೆ ಯಾವ ಹೆಸರಿಟ್ಟರೆ ನಮಗೇನು ಅನ್ನಿಸಬಹುದು. ಆದರೆ "ಆದಿಮಾನವರ ಕಾಲದಿಂದಲೂ ಗಂಡಸು ದುಡಿದು ತರೋದು, ಹೆಂಗಸು ಮನೆ ನೋಡ್ಕೊಳ್ಳೋದು" ಅನ್ನೋ ಮಾತು ನೀವು ಕೇಳಿಲ್ಲವಾ? ಮದುವೆ ಮಾತುಕತೆಯಲ್ಲಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ, ಟೀಮ್ ಲಂಚಿನಲ್ಲಿ? ಆ ಮಾತು ನಿಂತಿರುವುದು ಯಾರೋ ತುಂಬಿದ ಡೀಫಾಲ್ಟ್ ವ್ಯಾಲ್ಯೂ ಮೇಲೆ.

ಪೆರುವಿನ ಎತ್ತರದ ಸೀಮೆಯ ವಿಲಮಾಯಾ ಪಾಟ್ಷಾದಲ್ಲಿ ಸುಮಾರು 9,000 ವರ್ಷ ಹಿಂದೆ ಹೂತ 17-19 ವಯಸ್ಸಿನ ಹುಡುಗಿಯ ಜೊತೆ ದೊಡ್ಡ ಪ್ರಾಣಿಗಳ ಬೇಟೆಯ ಪೂರ್ತಿ ಸಾಮಾನು ಸಿಕ್ಕಿತು. ಈಟಿಯ ಮೊನೆ, ಚರ್ಮ ಹೆರೆಯುವ ಕಲ್ಲು ಎಲ್ಲ. ರ‍್ಯಾಂಡಲ್ ಹಾಸ್ ಮತ್ತು ತಂಡ 2020ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅಮೆರಿಕ ಖಂಡಗಳ ಹಳೆಯ ಸಮಾಧಿಗಳ ಲೆಕ್ಕ ಹಾಕಿದರು. ಬೇಟೆಯ ಸಾಮಾನಿನ ಜೊತೆ ಸಿಕ್ಕಿದ 27 ಜನರಲ್ಲಿ 11 ಹೆಂಗಸರು, 16 ಗಂಡಸರು. ಸಂಖ್ಯೆ ಚಿಕ್ಕದು, ಅದರ ಮೇಲೆ ಮಹಲು ಕಟ್ಟುವುದು ಬೇಡ. ಆದರೆ 'ಎಂದೂ ಇರಲಿಲ್ಲ' ಅನ್ನುವ ಮಾತನ್ನು ಕೆಡವಲು ಅಷ್ಟು ಸಾಕು.

ಇಲ್ಲೇ ಒಂದು ಎಚ್ಚರಿಕೆ. ಬಿರ್ಕಾ ಸುದ್ದಿ ಬಂದಾಗ ವೈಕಿಂಗ್ ವೀರವನಿತೆ ಅಂತ ಇಂಟರ್ನೆಟ್ಟೆಲ್ಲ ಕುಣಿದಾಡಿತು. ನಾನೂ ಶೇರ್ ಮಾಡಿದ್ದೆ. ಆಮೇಲೆ ಯೋಚಿಸಿದರೆ ಅದರಲ್ಲೂ ಹಳೆಯ ಅಳತೆಗೋಲೇ ಇದೆ. ಕತ್ತಿ ಹಿಡಿದರೆ ಮಾತ್ರ ಹೆಂಗಸು ಲೆಕ್ಕಕ್ಕೆ ಬರುತ್ತಾಳೆ ಅನ್ನುವ ಅಳತೆ. ವೈಕಿಂಗರ ಹಡಗು ಸಮುದ್ರ ದಾಟಿದ್ದು ಉಣ್ಣೆಯ ಪಟದಿಂದ. ಹಳೆಯ ವಿಧಾನದಲ್ಲೇ ಪಟ ಮಾಡಿ ನೋಡಿದವರ ಪ್ರಕಾರ, ಅಷ್ಟು ನೂಲು ತೆಗೆದು ನೇಯುವುದಕ್ಕೆ ಹಡಗು ಕಟ್ಟುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೇ ದುಡಿಮೆ ಬೇಕು. ಆ ಕೆಲಸ ಬಹುಪಾಲು ಹೆಂಗಸರದು. ಆದರೆ ಕಬ್ಬಿಣ ಉಳಿಯುತ್ತೆ, ಕಲ್ಲು ಉಳಿಯುತ್ತೆ, ಬಟ್ಟೆ ಕೊಳೆಯುತ್ತೆ. ಬುಟ್ಟಿ, ಹಗ್ಗ, ಬಲೆ, ಕಂಬಳಿ ಎಲ್ಲ ಮಣ್ಣಾಗುತ್ತೆ. ಉಳಿದದ್ದನ್ನು ಮಾತ್ರ ಇತಿಹಾಸ ಅಂದರೆ, ಕೊಳೆಯುವ ವಸ್ತು ಮಾಡಿದವರೆಲ್ಲ ಇರಲೇ ಇಲ್ಲ ಅಂದ ಹಾಗೆ.

ಇಷ್ಟೆಲ್ಲ ಬೇರೆಯವರನ್ನು ಆಡಿದೆನಲ್ಲ, ಈಗ ನನ್ನದು.

ನಮ್ಮಜ್ಜಿ ತೀರಿಕೊಂಡು ಮೂರು ವರ್ಷ. ನಮ್ಮಲ್ಲಿ ಹೂಳುವುದು, ಸುಡುವುದಿಲ್ಲ. ಹೊಲದ ಬದುವಿನಲ್ಲಿ ತಾತನ ಪಕ್ಕದಲ್ಲೇ ಅಜ್ಜಿಯ ಗುಡ್ಡೆ. ತಾತ ಹೋಗಿ ಇಪ್ಪತ್ತೆರಡು ವರ್ಷ ಆಗಿತ್ತು. ಅಷ್ಟೂ ವರ್ಷ ರಾಗಿ ಯಾವಾಗ ಬಿತ್ತಬೇಕು, ಆಳಿಗೆಷ್ಟು ಕೂಲಿ, ಯಾವ ಹಸು ಮಾರಬೇಕು ಎಲ್ಲ ಅಜ್ಜಿಯದೇ. ಹಾಲಿನ ಡೈರಿ ಲೆಕ್ಕವನ್ನು ಹಳೆಯ ಕ್ಯಾಲೆಂಡರ್ ಹಿಂದೆ ಗೀಟು ಹಾಕಿ ಇಡುತ್ತಿದ್ದರು. ಓದು ಬರುತ್ತಿರಲಿಲ್ಲ, ಲೆಕ್ಕ ಒಂದು ಪೈಸೆ ತಪ್ಪುತ್ತಿರಲಿಲ್ಲ. ಬೋರ್‌ವೆಲ್ ಕೊರೆಸಿದಾಗ ಆ ಗಾಡಿಯವರ ಜೊತೆ ಜಗಳ ಆಡಿ ಅಡಿಗೆ ಇಷ್ಟು ಅಂತ ರೇಟು ಇಳಿಸಿದ್ದು ಇವತ್ತಿಗೂ ಊರಲ್ಲಿ ಕಥೆ.

ತಿಥಿ ದಿನ ಎಡೆ ಇಟ್ಟೆವು. ತಾತನಿಗೆ ಹಿಂದೆ ಬೀಡಿ ಕಟ್ಟು, ಬ್ರಾಂದಿ, ಪಂಚೆ, ಅವರ ಕುಡುಗೋಲು ಇಟ್ಟಿದ್ದರಂತೆ. ಅಜ್ಜಿಗೆ ಸೀರೆ, ಎಲೆ ಅಡಿಕೆ, ಹೊಗೆಸೊಪ್ಪು, ಒಬ್ಬಟ್ಟು. ಆ ಕುಡುಗೋಲನ್ನು ತಾತ ಹೋದ ಮೇಲೆ ಇಪ್ಪತ್ತೆರಡು ವರ್ಷ ಹಿಡಿದದ್ದು ಅಜ್ಜಿ. ಅದನ್ನು ಇಡಬೇಕು ಅಂತ ದೊಡ್ಡಪ್ಪನಿಗೂ ಹೊಳೆಯಲಿಲ್ಲ, ಅತ್ತೆಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಸಮಾಧಿಯಲ್ಲಿ ವಸ್ತು ಇಡುವವರು ಬದುಕಿರುವವರು. ಸತ್ತವರು ಏನಾಗಿದ್ದರು ಅನ್ನೋದಕ್ಕಿಂತ, ಅವರು ಏನು ಅಂತ ನಾವು ಅಂದುಕೊಂಡಿದ್ದೆವು ಅನ್ನೋದನ್ನೇ ಇಡುತ್ತೇವೆ. ಬಿರ್ಕಾ ಬಗ್ಗೆ ಅನುಮಾನಪಟ್ಟವರ ಮಾತು ನನಗೆ ಅರ್ಥವಾದದ್ದು ಇಲ್ಲಿ. ಅದನ್ನು ಎಲ್ಲ ಸಮಾಧಿಗೂ ಕೇಳಬೇಕು ಅಂತಲೂ ಇಲ್ಲೇ ಅರ್ಥವಾಯ್ತು.

ಮುಂದೆ ಯಾರಾದರೂ ಆ ಬದು ಅಗೆದರೆ? ಗಂಡ ಹೋದ ಮೇಲೆ ಅಜ್ಜಿ ಬಳೆ ತೊಡಲಿಲ್ಲ. ಬಳೆ ಇಲ್ಲ, ಒಡವೆ ಇಲ್ಲ, ದುಡಿದು ಸವೆದ ಮೂಳೆ. ಗಂಡಸು ಅಂತ ಬರೆದುಕೊಂಡರೂ ಆಶ್ಚರ್ಯವಿಲ್ಲ. ಕಾಗದ ಹುಡುಕಿದರೂ ಉಪಯೋಗವಿಲ್ಲ, ಪಹಣಿ ಈಗಲೂ ತಾತನ ಹೆಸರಲ್ಲಿದೆ. ಪೌತಿ ಖಾತೆ ಮಾಡಿಸುವುದಕ್ಕೆ ಈಗ ಓಡಾಡುತ್ತಿದ್ದೇವೆ, ಖಾತೆ ತಾತನಿಂದ ನೇರವಾಗಿ ಮಕ್ಕಳಿಗೆ ಹೋಗುತ್ತೆ. ಆ ಇಪ್ಪತ್ತೆರಡು ವರ್ಷ ಆ ಹೊಲವನ್ನು ಯಾರೂ ಉಳಲೇ ಇಲ್ಲ ಅನ್ನುವ ಹಾಗೆ.

ಆ ಓಡಾಟಕ್ಕೆ ಅಂತಲೇ ಮೊನ್ನೆ ಹಳೆಯ ಫೈಲು ತೆಗೆದೆ. ಅಜ್ಜಿ ಸತ್ತಾಗ ಮರಣ ನೋಂದಣಿಗೆ ಕೊಟ್ಟ ಅರ್ಜಿಯ ಜೆರಾಕ್ಸ್ ಸಿಕ್ಕಿತು. ತುಂಬಿದ್ದು ನಾನೇ, ಅಕ್ಷರ ನನ್ನದೇ. ಮನೆಯಲ್ಲಿ ಹೆಚ್ಚು ಓದಿದವಳು ಅಂತ ನನ್ನ ಕೈಗೆ ಕೊಟ್ಟಿದ್ದರು. ಮೃತರ ಉದ್ಯೋಗ ಅನ್ನುವ ಕಾಲಂ ಇದೆ. ಅದರ ಮುಂದೆ ಚೆಂದದ ಅಕ್ಷರದಲ್ಲಿ ಬರೆದಿದ್ದೇನೆ: ಗೃಹಿಣಿ.

ಯಾರೂ ಹೇಳಿಕೊಟ್ಟಿರಲಿಲ್ಲ. ಯಾರನ್ನೂ ಕೇಳಿರಲೂ ಇಲ್ಲ. ಕಾಲಂ ಖಾಲಿ ಇತ್ತು, ಕೈ ತಾನಾಗಿ ಬರೆಯಿತು.

ಈಗ ಹಂಪಿಯ ಆ ಗೈಡ್ ಅಣ್ಣನ ಬಗ್ಗೆ ನಗು ಬರುವುದಿಲ್ಲ. ಅವರು ಬೋರ್ಡ್ ಓದಿದರು, ಅಷ್ಟೇ. ಬೋರ್ಡ್ ಬರೆಯುವವಳು ನಾನು.